ಬಾರ್ಡ್ ಪರಂಪರೆಯೂ ಇಂದಿನ ಹಾರ್ಪ್ ವಾದಕನೂ

ಇಂಗ್ಲಿಷ್ ಕಾವ್ಯವನ್ನು ವ್ಯಾಸಂಗ ಮಾಡಿದ ನಮ್ಮ ವಿದ್ಯಾರ್ಥಿಗಳಿಗೆ ‘ಬಾರ್ಡ್’ ಎಂಬ ಶಬ್ದದ ಪರಿಚಯವಾಗುವುದು ಬಹುಮಟ್ಟಿಗೆ ಥಾಮಸ್ ಗ್ರೇ ಕವಿಯ ಅದೇ ಹೆಸರಿನ ಪ್ರಗಾಥದಿಂದ. ೧೭೫೭ರಲ್ಲಿ ಪ್ರಕಟವಾದ ಆ ಕವಿತೆಯಲ್ಲಿ ವೇಲ್ಸ್ ದೇಶದ ಕಟ್ಟಕಡೆಯ ಬಾರ್ಡನು ಕಡಿದಾದ ಬಂಡೆಯ ಮೇಲೆ ನಿಂತು, ದಂಡೆತ್ತಿ ಬಂದ ಆಂಗ್ಲ ದೊರೆ ಒಂದನೆಯ ಎಡ್ವರ್ಡನನ್ನು ಶಪಿಸಿ, ಕೆಳಗಿನ ಹೊಳೆಗೆ ಧುಮುಕುತ್ತಾನೆ. ಎಡ್ವರ್ಡನು ವೇಲ್ಸಿನ ಬಾರ್ಡರನ್ನೆಲ್ಲ ಕೊಲ್ಲಿಸಿದನೆಂಬ ಕಥೆಗೆ ಚರಿತ್ರೆಯ ಆಧಾರವಿಲ್ಲ. ಅರ್ಧಕ್ಕೆ ನಿಂತಿದ್ದ ಕವಿತೆಯನ್ನು ಗ್ರೇ ಪೂರ್ಣಗೊಳಿಸಿದುದು ಕೇಂಬ್ರಿಜ್ಜಿಗೆ ಬಂದ ಜಾನ್ ಪ್ಯಾರಿ ಎಂಬ ಅಂಧ ವಾದಕನ ಹಾರ್ಪನ್ನು ಕೇಳಿದ ಮೇಲೆ ಎಂಬುದು ಮಾತ್ರ ನಿಜ. ಅಂದಿನಿಂದ ಒಂದು ಚಿತ್ರ ಓದುಗರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ: ನೀಳವಾದ ಗಡ್ಡ, ಕೈಯಲ್ಲಿ ಹಾರ್ಪು, ಕವಿಯೂ ಅವನೇ, ಗಾಯಕನೂ ಅವನೇ, ವಾದಕನೂ ಅವನೇ. ಈ ಚಿತ್ರವು ಬಾರ್ಡ್ ಪರಂಪರೆಯ ಉಚ್ಛ್ರಾಯ ಕಾಲದ್ದಲ್ಲ, ಅದರ ಅವನತಿಯ ಕಾಲದ್ದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕ್ರಿಸ್ತಪೂರ್ವ ಒಂದನೆಯ ಶತಮಾನದ ಗ್ರೀಕ್ ಲೇಖಕ ಡಿಯೊಡೋರಸನು ಗಾಲ್ ದೇಶದ ಕೆಲ್ಟರಲ್ಲಿ ಬಾರ್ಡರೆಂಬ ಕವಿಗಳಿದ್ದರೆಂದೂ, ಅವರು ಲೈರ್‌ನಂತಹ ವಾದ್ಯದೊಡನೆ ಕೆಲವರನ್ನು ಹೊಗಳಿಯೂ ಕೆಲವರನ್ನು ತೆಗಳಿಯೂ ಹಾಡುತ್ತಿದ್ದರೆಂದೂ ಬರೆದಿದ್ದಾನೆ. ಆದರೆ ಮಧ್ಯಯುಗದ ಐರ್ಲೆಂಡಿಗೆ ಬಂದರೆ ಸ್ಥಿತಿ ಬೇರೆಯಾಗಿದೆ. ಅಲ್ಲಿ ವಿದ್ಯಾವಂತನಾದ ಕವಿಗೆ ‘ಫಿಲಿ’ ಎಂದು ಹೆಸರು; ಪ್ರಾಚೀನ ಧರ್ಮಶಾಸ್ತ್ರಗ್ರಂಥಗಳ ಪ್ರಕಾರ ‘ಬಾರ್ಡ್’ ಎಂಬವನು ಆತನಿಗಿಂತ ಕೆಳಗಿನವನು. ಫಿಲಿಗಳಲ್ಲಿ ಏಳು ಅಂತಸ್ತುಗಳಿದ್ದು, ಎಲ್ಲಕ್ಕಿಂತ ಮೇಲಿನವನು ‘ಒಲ್ಲವ್’ ಎನಿಸಿಕೊಳ್ಳುತ್ತಿದ್ದನು. ಈ ಪದವಿಗೆ ಹಲವು ವರ್ಷಗಳ ಅಧ್ಯಯನ ಅವಶ್ಯವಾಗಿತ್ತು. ಕಾವ್ಯಶಾಲೆಗಳಲ್ಲಿ ಶಿಷ್ಯರು ಕಿಟಕಿಯಿಲ್ಲದ ಕತ್ತಲೆಯ ಕೋಣೆಗಳಲ್ಲಿ ಮಲಗಿ, ಕೊಟ್ಟ ವಿಷಯದ ಮೇಲೆ ಕಠಿನವಾದ ಛಂದಸ್ಸಿನಲ್ಲಿ ಮನಸ್ಸಿನಲ್ಲಿಯೇ ಪದ್ಯಗಳನ್ನು ಕಟ್ಟಿ, ದೀಪ ತಂದ ಮೇಲೆ ಬರೆದೊಪ್ಪಿಸುತ್ತಿದ್ದರೆಂದು ೧೭೨೨ರಲ್ಲಿ ಅಚ್ಚಾದ ಒಂದು ವೃತ್ತಾಂತದಿಂದ ತಿಳಿದುಬರುತ್ತದೆ.

ಹೀಗೆ ಕಟ್ಟಿದ ಕಾವ್ಯವನ್ನು ಕವಿ ತಾನೇ ಹಾಡುತ್ತಿರಲಿಲ್ಲ. ಆಶ್ರಯದಾತನ ಸಭೆಯಲ್ಲಿ ಅದನ್ನು ವಾಚಿಸಲು ಬೇರೊಬ್ಬ ವಾಚಕನಿದ್ದನು. ನಾವು ಆತನನ್ನು ಗಮಕಿಯೆಂದು ಕರೆದರೆ ಹೆಚ್ಚು ತಪ್ಪಾಗಲಾರದು. ವಾಚನಕ್ಕೆ ಹಾರ್ಪಿನ ಸಾಥಿ ಕೊಡುವವನು ಮೂರನೆಯವನು. ಕವಿಯಾದರೋ ದೊರೆಯ ಸಮೀಪದಲ್ಲಿ ಕುಳಿತು ತನ್ನ ಕೃತಿಯನ್ನು ಎಲ್ಲರಂತೆ ತಾನೂ ಕೇಳುತ್ತಿದ್ದನು! ವೇಲ್ಸಿನಲ್ಲಿಯೂ ‘ನಾಲಗೆಯ ಕಲೆ’ ಎಂದು ಕಾವ್ಯಕ್ಕೂ ‘ತಂತಿಯ ಕಲೆ’ ಎಂದು ವಾದನಕ್ಕೂ ಪ್ರತ್ಯೇಕವಾದ ಹೆಸರುಗಳಿದ್ದವು. ೧೧೭೬ರಲ್ಲಿ ರ‍್ಹೀಸ್ ಪ್ರಭುವು ಕಾರ್ಡಿಗನ್ ಕೋಟೆಯಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಕವಿಗಳಿಗೂ ವಾದಕರಿಗೂ ಬೇರೆ ಬೇರೆಯಾಗಿಯೇ ಬಹುಮಾನಗಳು ಸಂದವು.

ಇನ್ನು ವಾದ್ಯದ ವಿಚಾರ. ನಮ್ಮ ವೀಣೆಯಲ್ಲಿ ಒಂದೇ ತಂತಿಯನ್ನು ಮೆಟ್ಟುಗಳ ಮೇಲೆ ಒತ್ತಿ ಅನೇಕ ಸ್ವರಗಳನ್ನು ಪಡೆಯುತ್ತೇವೆ. ಹಾರ್ಪಿನಲ್ಲಾದರೆ ಒಂದೊಂದು ಸ್ವರಕ್ಕೂ ಒಂದೊಂದು ತಂತಿ. ಉದ್ದದಿಂದ ಗಿಡ್ಡಕ್ಕೆ ಇಳಿಯುತ್ತ ಹೋಗುವ ಈ ತಂತಿಗಳನ್ನು ತ್ರಿಕೋನಾಕಾರದ ಚೌಕಟ್ಟಿನಲ್ಲಿ ಬಿಗಿದಿರುತ್ತಾರೆ. ಐರ್ಲೆಂಡಿನ ಹಳೆಯ ಹಾರ್ಪಿನ ನಾದಪೆಟ್ಟಿಗೆಯನ್ನು ಸಾಮಾನ್ಯವಾಗಿ ವಿಲ್ಲೋ ಮರದ ಒಂದೇ ದಿಮ್ಮಿಯನ್ನು ಕೊರೆದು ಮಾಡುತ್ತಿದ್ದರು. ಸುಮಾರು ಮೂವತ್ತು ಹಿತ್ತಾಳೆಯ ತಂತಿಗಳು. ನಡುವಿನ ಎರಡು ತಂತಿಗಳನ್ನು ಒಂದೇ ಸ್ವರಕ್ಕೆ ಕೂಡಿಸಿ, ಅಲ್ಲಿಂದ ಮುಂದಕ್ಕೆ ಶ್ರುತಿ ಹಿಡಿಯುವುದು ಪದ್ಧತಿಯಾಗಿತ್ತು. ವಾದ್ಯವನ್ನು ಎಡಭುಜಕ್ಕೆ ಒರಗಿಸಿ, ಎಡಗೈಯಿಂದ ತಾರಸ್ಥಾಯಿಯನ್ನೂ ಬಲಗೈಯಿಂದ ಮಂದ್ರಸ್ಥಾಯಿಯನ್ನೂ ನುಡಿಸುತ್ತಿದ್ದರು, ಮೀಟುತ್ತಿದ್ದುದು ಉಗುರಿನಿಂದ. ಲೋಹದ ತಂತಿಯ ನಾದ ಗಂಟೆಯ ನಾದದಂತೆ ಬಹಳ ಹೊತ್ತು ನಿಲ್ಲುತ್ತದೆ. ಆದಕಾರಣ ಮುಂದಿನ ಸ್ವರವನ್ನು ಮೀಟುವುದರೊಡನೆ ಹಿಂದಿನ ಯಾವ ಸ್ವರವನ್ನು ಬೆರಳಿನಿಂದ ಮುಟ್ಟಿ ಅಡಗಿಸಬೇಕು, ಯಾವುದನ್ನು ಹಾಗೆಯೇ ಮೊಳಗಲು ಬಿಡಬೇಕು ಎಂಬುದರಲ್ಲಿಯೇ ವಾದಕನ ವಿದ್ಯೆಯೆಲ್ಲ ಅಡಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಐರ್ಲೆಂಡನ್ನು ಸಂದರ್ಶಿಸಿದ ಜೆರಾಲ್ಡ್ ಎಂಬ ವೇಲ್ಸಿನ ಪಾದ್ರಿ, ಆ ಜನರಲ್ಲಿ ಇತರ ವಿಷಯಗಳಲ್ಲಿ ಅನೇಕ ದೋಷಗಳನ್ನು ಕಂಡರೂ, ಅವರ ವಾದ್ಯಸಂಗೀತದ ನೈಪುಣ್ಯವನ್ನು ಮನಸಾರೆ ಕೊಂಡಾಡಿದ್ದಾನೆ.

ಕಿನ್‌ಸೇಲ್ ಯುದ್ಧದಲ್ಲಿ (೧೬೦೧) ಐರಿಷ್ ನಾಯಕರು ಸೋತರು. ೧೬೦೭ರಲ್ಲಿ ಉತ್ತರಭಾಗದ ಪ್ರಭುಗಳು ದೇಶವನ್ನೇ ಬಿಟ್ಟು ಹೋದರು. ಆಶ್ರಯವಿಲ್ಲದೆ ಕಾವ್ಯಶಾಲೆಗಳು ಆ ಶತಮಾನದಲ್ಲಿ ಮುಚ್ಚಿಹೋದವು. ಕವಿ ಹೋದನು, ವಾಚಕನು ಹೋದನು, ವಾದಕನೊಬ್ಬನು ಉಳಿದನು. ಹಾಗೆ ಉಳಿದವರಲ್ಲಿ ಅಗ್ರಗಣ್ಯನು ಟರ್ಲೋ ಒ’ಕ್ಯಾರೊಲನ್ (೧೬೭೦–೧೭೩೮). ಹದಿನೆಂಟರ ಪ್ರಾಯದಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡ ಈತನಿಗೆ ಮ್ಯಾಕ್‌ಡರ್ಮಟ್ ರೋ ಮನೆತನದ ಗೃಹಿಣಿಯೊಬ್ಬಳು ಹಾರ್ಪ್ ಕಲಿಸಿ, ಒಂದು ಕುದುರೆಯನ್ನೂ ದಾರಿ ತೋರುವ ಆಳನ್ನೂ ಕೊಟ್ಟು ಕಳುಹಿಸಿದಳು. ಆತನು ಊರಿಂದೂರಿಗೆ ಹೋಗಿ, ಉಂಡ ಮನೆಯ ಯಜಮಾನನ ಇಲ್ಲವೆ ಅವನ ಮಗಳ ಹೆಸರಿನಲ್ಲಿ ರಾಗವನ್ನು ಕಟ್ಟಿ, ಮಾತನ್ನೂ ಸೇರಿಸಿ, ತಾನೇ ನುಡಿಸಿ ಹಾಡಿದನು. ಸುಮಾರು ೨೦೦ ರಚನೆಗಳು ಉಳಿದುಬಂದಿವೆ. ಕೆಲವುಗಳಲ್ಲಿ ಇಟಲಿಯ ಸಂಗೀತದ ಪ್ರಭಾವ ಸ್ಪಷ್ಟವಾಗಿದೆ. ಅವನ ರಾಗಗಳ ಸೊಗಸು ಅವನ ಮಾತುಗಳಿಗಿಲ್ಲವೆಂದು ವಿಮರ್ಶಕರ ಮತ. ಗ್ರೇ ಕವಿ ಚಿತ್ರಿಸಿದ, ಮೂರೂ ಕಲೆಗಳನ್ನು ಒಬ್ಬನೇ ಹೊತ್ತ ಬಾರ್ಡನು ನಮಗೆ ನಿಜವಾಗಿ ದೊರೆಯುವುದು ಇಲ್ಲಿ, ಮೂವರು ಮಾಡುತ್ತಿದ್ದ ಕೆಲಸ ಅನಿವಾರ್ಯವಾಗಿ ಒಬ್ಬನ ಪಾಲಿಗೆ ಬಂದಾಗ.

೧೭೯೨ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದ ಕೆಲವು ಮಹನೀಯರು ಉಳಿದಿರುವ ಹಾರ್ಪ್ ವಾದಕರನ್ನೆಲ್ಲ ಒಂದೆಡೆ ಸೇರಿಸಿದರು. ಬಂದ ಐರಿಷ್ ವಾದಕರು ಹತ್ತೇ ಮಂದಿ. ಅವರಲ್ಲಿ ಆರು ಜನ ಅಂಧರು, ಒಬ್ಬಳು ಹೆಂಗಸು. ತೊಂಬತ್ತೇಳು ವರ್ಷದವನೆಂದು ಹೇಳಲಾದ ಡೆನಿಸ್ ಹೆಂಪ್ಸನ್ ಒಬ್ಬನನ್ನು ಬಿಟ್ಟರೆ ಹಳೆಯ ರೀತಿಯಲ್ಲಿ ನೀಳವಾದ ಉಗುರುಗಳಿಂದ ಮೀಟುವವರು ಅಲ್ಲಿ ಯಾರೂ ಇರಲಿಲ್ಲ. ರಾಗಗಳನ್ನು ಬರೆದುಕೊಳ್ಳಲು ನೇಮಕವಾದವನು ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತರ ತರುಣ ಆರ್ಗನ್ ವಾದಕ. ಒಂದು ಸ್ವರವನ್ನೂ ಸೇರಿಸಕೂಡದೆಂದು ಅವನಿಗೆ ಎಚ್ಚರಿಕೆ ಕೊಡಲಾಗಿತ್ತು. ಬಂಟಿಂಗನು ಆ ಮೇಲೆಯೂ ಹೆಂಪ್ಸನ್ನನ ಊರಿಗೆ ಹೋಗಿ ಬರೆದುಕೊಂಡನು. ೧೭೯೬, ೧೮೦೯, ೧೮೪೦ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದನು. ಆದರೆ ಆ ಸಂಪುಟಗಳಲ್ಲಿ ಇರುವುದು ಪಿಯಾನೋಗೆ ಹೊಂದಿಸಿದ ಸಂಗೀತ! ಮಂದ್ರಸ್ಥಾಯಿಯ ಭಾಗವನ್ನು ಬಹುಮಟ್ಟಿಗೆ ಅಂದಿನ ಅಭಿರುಚಿಗೆ ತಕ್ಕಂತೆ ಆತನೇ ಕೂಡಿಸಿದನು. ಆತನನ್ನು ಇದಕ್ಕಾಗಿ ಹೀಗಳೆಯುವುದು ಸುಲಭ. ಪಿಯಾನೋ ಇರುವ ಮನೆಗಳಲ್ಲದೆ ಬೇರೆಲ್ಲಿ ಈ ಪುಸ್ತಕಗಳು ಮಾರಾಟವಾಗಬೇಕಿತ್ತೆಂಬುದನ್ನೂ, ಆತನು ಬರೆಯದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲವೆಂಬುದನ್ನೂ ನೆನೆದರೆ ತೀರ್ಪು ಕೊಡುವುದು ಅಷ್ಟು ಸುಲಭವಲ್ಲ. ಸದ್ಯ, ಸ್ಥಳದಲ್ಲಿಯೇ ಗೀಚಿಕೊಂಡ ಅವನ ಟಿಪ್ಪಣಿ ಪುಸ್ತಕಗಳು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಸುರಕ್ಷಿತವಾಗಿವೆ.

ಹೆಂಪ್ಸನ್ ೧೮೦೭ರಲ್ಲಿ ತೀರಿಕೊಂಡನು. ಬಾಲಕರಿಗೆ ಹಾರ್ಪ್ ಕಲಿಸಲೆಂದು ಬೆಲ್‌ಫಾಸ್ಟಿನಲ್ಲಿ ಸ್ಥಾಪಿಸಿದ ಸಂಘಗಳು ಹಣ ಸಾಲದೆ ನಿಂತುಹೋದವು. ಅಷ್ಟರಲ್ಲಿ, ೧೮೧೯ರ ಸುಮಾರಿನಲ್ಲಿ, ಡಬ್ಲಿನ್ನಿನ ಜಾನ್ ಈಗನ್ ಎಂಬ ವಾದ್ಯಶಿಲ್ಪಿ ಕರುಳಿನ ತಂತಿಗಳಿದ್ದ, ಸುಲಭವಾಗಿ ಒಯ್ಯಬಹುದಾದ ಚಿಕ್ಕ ಹಾರ್ಪನ್ನು ಬಳಕೆಗೆ ತಂದನು. ಇದನ್ನು ಬಲಭುಜಕ್ಕೆ ಒರಗಿಸಿ, ಬೆರಳ ತುದಿಯಿಂದ ನುಡಿಸಬೇಕು. ನಾದ ಮೃದು, ಬೇಗ ಅಡಗುತ್ತದೆ, ಹಾಡಿಗೆ ಹಿತವಾಗಿ ಒದಗುತ್ತದೆ. ಸಂನ್ಯಾಸಿನಿಯರ ಮಠಗಳ ಶಾಲೆಗಳಲ್ಲಿ ಇಂತಹ ವಾದ್ಯವೇ ಉಳಿಯಿತು. ೧೯೫೦ರ ದಶಕದಲ್ಲಿ ಮೇರಿ ಒ’ಹಾರಾ ಎಂಬ ಗಾಯಕಿ ಇದರೊಡನೆಯೇ ಪ್ರಸಿದ್ಧಳಾದಳು. ಫ್ರಾನ್ಸಿನ ಬ್ರಿಟನಿ ಪ್ರಾಂತದ ಮೂಲದವನಾದ ಜೋರ್ಡ್ ಕೊಶೆವೆಲು ೧೯೫೩ರಲ್ಲಿ ಒಂದು ಕೆಲ್ಟಿಕ್ ಹಾರ್ಪನ್ನು ತಾನೇ ನಿರ್ಮಿಸಿ ಮಗನ ಕೈಗೆ ಕೊಟ್ಟನು. ಆ ಮಗನೇ ಮುಂದೆ ಜಗದ್ವಿಖ್ಯಾತನಾದ ಅಲನ್ ಸ್ಟಿವೆಲ್. ಇತ್ತ ೧೯೨೨ರಲ್ಲಿ ಸ್ವತಂತ್ರ ಐರಿಷ್ ಸರ್ಕಾರ ಹಾರ್ಪನ್ನು ರಾಷ್ಟ್ರಲಾಂಛನವಾಗಿ ಸ್ವೀಕರಿಸಿತು. ಲಾಂಛನಕ್ಕೆ ಮಾದರಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ, ಅರಸ ಬ್ರಯನ್ ಬೊರುವಿನದೆಂದು ಜನ ಹೇಳುವ ಹಾರ್ಪು. (ಅರಸನು ಮಡಿದುದು ೧೦೧೪ರಲ್ಲಿ, ವಾದ್ಯವು ಅದಕ್ಕಿಂತ ಶತಮಾನಗಳಷ್ಟು ಈಚಿನದು.) ನಾಣ್ಯದ ಮೇಲೆ ಹಿತ್ತಾಳೆಯ ತಂತಿಯ ಹಾರ್ಪು, ಜನರ ಕೈಯಲ್ಲಿ ಕರುಳಿನ ಅಥವಾ ನೈಲಾನ್ ತಂತಿಯ ಹಾರ್ಪು ಎಂಬ ವಿಚಿತ್ರ ಸ್ಥಿತಿ ಹೀಗೆ ಉಂಟಾಯಿತು.

ಇಂದಿನ ವಾದಕರಲ್ಲಿ ಎರಡು ಪಂಗಡಗಳನ್ನು ಗುರುತಿಸಬಹುದು. ಹೆಚ್ಚಿನವರು ನುಡಿಸುವುದು ಈಗನ್ನನ ವಾದ್ಯದ ಸಂತತಿಯನ್ನು: ಸುಮಾರು ೩೪ ತಂತಿಗಳು, ಪ್ರತಿಯೊಂದರ ತಲೆಯಲ್ಲಿ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಒಂದು ಸಣ್ಣ ಸನ್ನೆ. ಇನ್ನೊಂದು ಚಿಕ್ಕ ಪಂಗಡ ಹಿತ್ತಾಳೆಯ ತಂತಿಗೆ ಹಿಂದಿರುಗಿದೆ. ಅಮೆರಿಕದ ಆನ್ ಹೇಮನ್ ೧೯೭೦ರ ದಶಕದಿಂದ ಬಂಟಿಂಗನ ಟಿಪ್ಪಣಿಗಳನ್ನು ಹಿಡಿದು ಉಗುರಿನ ವಾದನವನ್ನು ಪುನಃ ಕಟ್ಟುವುದರಲ್ಲಿ ತೊಡಗಿ, ೧೯೮೮ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದರು. ವೇಲ್ಸಿನ ವಾದ್ಯಕ್ಕೆ ರಾಬರ್ಟ್ ಆಪ್ ಹ್ಯೂ ಎಂಬವನು ೧೬೧೩ರ ಸುಮಾರಿಗೆ ಬರೆದ ಹಸ್ತಪ್ರತಿ ಇಂತಹುದೇ ಆಕರ. ಯಾವ ಬೆರಳು ಹೇಗೆ ಮೀಟಬೇಕು, ಹೇಗೆ ಅಡಗಿಸಬೇಕೆಂಬುದಕ್ಕೆ ಅದರಲ್ಲಿ ಸಂಕೇತಗಳಿವೆ. ಆದರೆ ಲಯದ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಗುರುಮುಖದಿಂದ ಬರಬೇಕಾದ ವಿದ್ಯೆ ಕಾಗದದಿಂದ ಬಂದಾಗ ಇದು ಸಹಜ. ಸ್ವರಲಿಪಿಯು ಮೀಟಿದ ಸ್ವರವನ್ನು ಹೇಳುತ್ತದೆಯೇ ಹೊರತು ಅಡಗಿಸಿದ ಸ್ವರವನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಇವರದು ಪರಂಪರೆಯೋ, ಸಂಶೋಧನೆಯೋ ಎಂದು ಕೇಳುವವರುಂಟು. ಎರಡೂ ಎಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಅಖಂಡ ಪರಂಪರೆಯೆಂದು ಹೇಳಿಕೊಳ್ಳುವುದು ಸರಿಯಲ್ಲ.

ಜೀವನೋಪಾಯದ ಮಟ್ಟಿಗೆ ನೋಡಿದರೆ ಇಂದಿನ ವಾದಕನು ಒಲ್ಲವ್‌ನಿಗಿಂತ ಒ’ಕ್ಯಾರೊಲನ್ನನಿಗೆ ಹತ್ತಿರದವನು. ಕುದುರೆಯ ಬದಲು ಮೋಟಾರು. ಹಳ್ಳಿಯ ಬಂಗಲೆಯ ಬದಲು ಮದುವೆಯ ಮಂಟಪ, ಹೋಟೆಲು, ಕಚೇರಿ. ಉಳಿದ ದಿನಗಳಲ್ಲಿ ಮಕ್ಕಳಿಗೆ ಪಾಠ, ಆಗೊಮ್ಮೆ ಈಗೊಮ್ಮೆ ಕಲಾಮಂಡಲಿಗಳ ಸಹಾಯಧನ. ರಾಜಾಶ್ರಯವೂ ಪೂರ್ತಿ ಇಲ್ಲದಿಲ್ಲ: ೧೮೭೧ರಿಂದ ಖಾಲಿಯಿದ್ದ ವೇಲ್ಸ್ ರಾಜಕುಮಾರನ ಆಸ್ಥಾನ ವಾದಕ ಪದವಿಯನ್ನು ೨೦೦೦ದಲ್ಲಿ ಮತ್ತೆ ಆರಂಭಿಸಿ ಕ್ಯಾಟ್ರಿನ್ ಫಿಂಚ್ ಎಂಬ ತರುಣಿಯನ್ನು ನೇಮಿಸಿದರು. ೨೦೧೯ರಲ್ಲಿ ಯುನೆಸ್ಕೋ ಸಂಸ್ಥೆ ಐರಿಷ್ ಹಾರ್ಪ್ ವಾದನವನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಹಿತ್ತಾಳೆಯ ತಂತಿಯವರ ಪಾಡಾದರೋ ಇನ್ನೂ ಸೂಕ್ಷ್ಮ. ಪಾತ್ರೆ ತೊಳೆಯುವಾಗ ಒಂದು ಉಗುರು ಮುರಿದರೆ ಅದು ಬೆಳೆಯುವವರೆಗೆ ಕಾಯಬೇಕು. ಕಚೇರಿಗೆ ಮುಂಚೆ ನಡುವಿನ ಆ ಎರಡು ತಂತಿಗಳನ್ನು ಒಂದೇ ಸ್ವರಕ್ಕೆ ತಂದು, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಒಂದೊಂದಾಗಿ ಬಿರಡೆ ತಿರುವುತ್ತ ಹೋಗಬೇಕು, ಹೆಂಪ್ಸನ್ ಮಾಡುತ್ತಿದ್ದನೆಂದು ಬಂಟಿಂಗ್ ಬರೆದಿಟ್ಟಂತೆ.