ನಡುಮನೆಯ ಟಿವಿಯಿಂದ ರೇಸು ಇಳಿದುಹೋದ ಬಗೆ

2025ರ ಮೇ 24. ಮೊನಾಕೊದ ಇಕ್ಕಟ್ಟು ಬೀದಿಗಳಲ್ಲಿ ಬೆಂಗಳೂರಿನ ಕುಶ್ ಮೈನಿ, ಫಾರ್ಮುಲಾ ಒನ್‌ನ ಕೆಳಗಿನ ಹಂತವಾದ ಫಾರ್ಮುಲಾ 2ರ ಸ್ಪ್ರಿಂಟ್ ರೇಸ್ ಗೆದ್ದರು. ಆ ಊರಿನ ಫಾರ್ಮುಲಾ 2 ರೇಸಿನಲ್ಲಿ ಭಾರತೀಯರೊಬ್ಬರು ಗೆದ್ದದ್ದು ಅದೇ ಮೊದಲು. ಪೋಡಿಯಂನಲ್ಲಿ ನಮ್ಮ ರಾಷ್ಟ್ರಗೀತೆ ಮೊಳಗಿತು. ಆದರೆ ನಮ್ಮೂರು ಹಂಗಳದ ಮನೆಗಳಲ್ಲಿ ಟಿವಿ ಹಾಕಿ ಕೂತವರಿಗೆ ಅದು ಕಾಣಲಿಲ್ಲ. ನೋಡಲೇಬೇಕು ಎಂದವರು ಮೊಬೈಲ್ ತೆಗೆದು, ಆ್ಯಪ್‌ಗೆ ದುಡ್ಡು ಕಟ್ಟಬೇಕಿತ್ತು. ಕನ್ನಡ ನಾಡಿನ ಹುಡುಗ ಅಷ್ಟು ದೊಡ್ಡ ಗೆಲುವು ಕಂಡ ದಿನ, ಅದನ್ನು ಮನೆಮಂದಿ ಒಟ್ಟಿಗೆ ಕೂತು ನೋಡುವ ಅವಕಾಶವೇ ಇರಲಿಲ್ಲ. ಇಂಥ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ.

ಹಂಗಳದವರಿಗೆ ಗಾಡಿಗಳ ಬಗ್ಗೆ ಆಸಕ್ತಿ ಇಲ್ಲ ಎಂದು ಯಾರೂ ಹೇಳಲಾರರು. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿ ನಮ್ಮೂರ ಮೇಲೆಯೇ ಹಾದುಹೋಗುತ್ತದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವವರು ಇಲ್ಲೇ ತಿರುಗಬೇಕು. ಚೆಂಡುಹೂವು, ಸೂರ್ಯಕಾಂತಿ ಅರಳುವ ಕಾಲದಲ್ಲಂತೂ ಹೊಲದ ಬದಿಯಲ್ಲಿ ಕಾರುಗಳ ಸಾಲೇ ಸಾಲು. ಹೊಸ ಮಾಡೆಲ್ ಬಂದರೆ ಇಲ್ಲಿನ ಹುಡುಗರು ಸದ್ದು ಕೇಳಿಯೇ ಹೆಸರು ಹೇಳುತ್ತಾರೆ.

ಕೇಬಲ್ ಬಂದ ಹೊಸತರಲ್ಲಿ ಆ ಆಸಕ್ತಿಗೆ ಟಿವಿಯೂ ಜೊತೆಯಾಯಿತು. ಇಎಸ್‌ಪಿಎನ್, ಸ್ಟಾರ್ ಸ್ಪೋರ್ಟ್ಸ್ ಚಾನೆಲ್ಲುಗಳಲ್ಲಿ ಫಾರ್ಮುಲಾ ಒನ್ ಬರುತ್ತಿತ್ತು. ಯುರೋಪಿನ ರೇಸುಗಳು ಬೇಸಿಗೆಯಲ್ಲಿ ಶುರುವಾಗುತ್ತಿದ್ದದ್ದು ನಮ್ಮ ಭಾನುವಾರ ಸಂಜೆ ಐದೂವರೆಗೆ. ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆದು ಒಳಗೆ ಬರುವ ಹೊತ್ತು ಅದು. ಯಾರೂ ರೇಸು ನೋಡಬೇಕೆಂದು ಕೂರುತ್ತಿರಲಿಲ್ಲ. ಚಾನೆಲ್ ಬದಲಾಯಿಸುವಾಗ ಮೈಕೆಲ್ ಶೂಮಾಕರ್‌ನ ಕೆಂಪು ಫೆರಾರಿ ಎದುರಾಗುತ್ತಿತ್ತು, ರಿಮೋಟ್ ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು. "ಇದ್ಯಾನ ಕೂಸೇ, ಸುತ್ತಿದ ಜಾಗವನೇ ಸುತ್ತವಲ್ಲ?" ಎಂದು ಕೇಳಿದ ಅಜ್ಜಿಯೂ ಹತ್ತು ನಿಮಿಷ ನೋಡಿಯೇ ಒಲೆ ಮುಂದೆ ಹೋಗುತ್ತಿದ್ದರು. 2000ದಿಂದ 2004ರವರೆಗೆ ಸತತ ಐದು ವರ್ಷ ಚಾಂಪಿಯನ್ ಆದ ಶೂಮಾಕರ್ ಹಳ್ಳಿಗಳಿಗೆ ಪರಿಚಯವಾದದ್ದು ಹೀಗೆ, ಕೈತಪ್ಪಿ ಸಿಕ್ಕ ಚಾನೆಲ್ಲಿನ ಮೂಲಕ.

ಆಮೇಲೆ ನಮ್ಮವರೇ ಬಂದರು. 2005ರಲ್ಲಿ ಪಕ್ಕದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಜೋರ್ಡನ್ ತಂಡದಲ್ಲಿ ಓಡಿ, ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದರು. 2008ರಲ್ಲಿ ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾ ಕಣಕ್ಕಿಳಿಯಿತು. ಮರುವರ್ಷವೇ ಬೆಲ್ಜಿಯಂನ ಸ್ಪಾದಲ್ಲಿ ಆ ತಂಡದ ಚಾಲಕ ಫಿಸಿಕೆಲ್ಲಾ ಎರಡನೇ ಸ್ಥಾನ ಗಳಿಸಿದರು. 2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ನಡೆಯಿತು. ಇದಕ್ಕಿಂತ ಒಳ್ಳೆಯ ಕಾಲ ಭಾರತದ ರೇಸ್ ಪ್ರೇಮಿಗಳಿಗೆ ಹಿಂದೆ ಬಂದಿರಲಿಲ್ಲ.

ಬಂದ ಹಾಗೆಯೇ ಹೋಯಿತು. ರೇಸು ಕ್ರೀಡೆಯೋ ಮನರಂಜನೆಯೋ ಎಂಬ ತೆರಿಗೆ ಜಗಳದ ನಡುವೆ, 2013ರ ಇಂಡಿಯನ್ ಗ್ರ್ಯಾನ್ ಪ್ರಿಯೇ ಕೊನೆಯದಾಯಿತು. 2018ರಲ್ಲಿ ಫೋರ್ಸ್ ಇಂಡಿಯಾ ದಿವಾಳಿಯ ಅಂಚಿಗೆ ಬಂದು ಬೇರೆಯವರ ಪಾಲಾಯಿತು. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. ಹಳ್ಳಿ ಮನೆಗಳ ಮಟ್ಟಿಗೆ ದೊಡ್ಡ ತಿರುವು ಇದೇ. ಅಲ್ಲಿಯವರೆಗೆ ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಕೇಬಲ್‌ನವರು ಕೊಟ್ಟದ್ದೆಲ್ಲ ಕಾಣುತ್ತಿತ್ತು. ಹೊಸ ಪದ್ಧತಿಯಲ್ಲಿ ಆಗ ನೂರು ಚಾನೆಲ್ಲಿಗೆ ತೆರಿಗೆ ಬಿಟ್ಟು 130 ರೂಪಾಯಿ, ಅದರ ಮೇಲೆ ಪ್ರತಿಯೊಂದು ಪೇ ಚಾನೆಲ್ಲಿಗೂ ಪ್ರತ್ಯೇಕ ದರ ಎಂದಾಯಿತು. ಮನೆಯವರು ಪಟ್ಟಿ ಹಿಡಿದು ಕೂತರು. ಕನ್ನಡ ಸೀರಿಯಲ್ ಚಾನೆಲ್ಲುಗಳು ಉಳಿದವು, ಕ್ರಿಕೆಟ್ ಬರುವ ಒಂದು ಚಾನೆಲ್ ಉಳಿಯಿತು. ರೇಸು ಬರುತ್ತಿದ್ದ ಸ್ಟಾರ್ ಸ್ಪೋರ್ಟ್ಸ್ ಸೆಲೆಕ್ಟ್‌ಗೆ ಟಿಕ್ ಹಾಕುವವರು ಯಾರು? ಕನ್ನಡದ ಸ್ಪೋರ್ಟ್ಸ್ ಚಾನೆಲ್ ಶುರುವಾಗಿತ್ತು ನಿಜ, ರೇಸಿನ ವಿವರಣೆ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. 2022ರ ಋತು ಮುಗಿದ ಮೇಲೆ ಸ್ಟಾರ್ ಕೂಡ ಕೈಬಿಟ್ಟಿತು. 2023ರಿಂದ ಫಾರ್ಮುಲಾ ಒನ್‌ನ ಸ್ವಂತ ಆ್ಯಪ್, 2024ರಿಂದ ಇನ್ನೊಂದು ಆ್ಯಪ್ ಫ್ಯಾನ್‌ಕೋಡ್.

ಟಿವಿ ನೋಡುಗರ ವಿಷಯದಲ್ಲಿ ನಮಗಿಂತ ದೊಡ್ಡ ನಷ್ಟ ಕಂಡದ್ದು ಅಮೆರಿಕದ ನಾಸ್ಕಾರ್. 1948ರಲ್ಲಿ ಹುಟ್ಟಿದ ಈ ಸಂಸ್ಥೆಯದು ಸ್ಟಾಕ್ ಕಾರ್ ರೇಸು. ಜನ ಬೀದಿಯಲ್ಲಿ ಓಡಿಸುವ ಫೋರ್ಡ್, ಷೆವರ್ಲೆಗಳನ್ನೇ ಹೋಲುವ ಕಾರುಗಳ ಓಟ. 1979ರ ಡೇಟೋನಾ 500 ಮೊದಲಿಂದ ಕೊನೆಯವರೆಗೆ ಟಿವಿಯಲ್ಲಿ ನೇರವಾಗಿ ಬಂತು. ಹಿಮಪಾತಕ್ಕೆ ಸಿಕ್ಕಿ ಮನೆಯಲ್ಲೇ ಕೂತಿದ್ದ ಪೂರ್ವ ರಾಜ್ಯಗಳ ಜನ ಅದನ್ನು ನೋಡಿದರು. ಕೊನೆ ಸುತ್ತಿನಲ್ಲಿ ಡಿಕ್ಕಿ, ಅದರ ಬೆನ್ನಿಗೇ ಚಾಲಕರ ಹೊಡೆದಾಟ. ಹಿಂದಿನಿಂದ ಬಂದ ರಿಚರ್ಡ್ ಪೆಟ್ಟಿ ಗೆದ್ದರು. ದಕ್ಷಿಣ ರಾಜ್ಯಗಳ ಆಟವೊಂದು ದೇಶದ ಆಟವಾಗಲು ಆ ಒಂದು ಮಧ್ಯಾಹ್ನ ನಾಂದಿ ಹಾಡಿತು. 2006ರಲ್ಲಿ ಡೇಟೋನಾ 500 ನೋಡಿದವರು ಸುಮಾರು 1 ಕೋಟಿ 90 ಲಕ್ಷ. 2025ರಲ್ಲಿ ಸುಮಾರು 67 ಲಕ್ಷ.

ಈ ಕುಸಿತಕ್ಕೆ ಕಾರಣಗಳು ಒಂದೆರಡಲ್ಲ. 2004ರಿಂದ ಚಾಂಪಿಯನ್ ಆರಿಸುವ ನಿಯಮ ಪದೇ ಪದೇ ಬದಲಾಯಿತು. 2007ರಲ್ಲಿ ಸುರಕ್ಷತೆಗೆಂದು ತಂದ ಹೊಸ ವಿನ್ಯಾಸದಿಂದ ಎಲ್ಲ ಕಾರೂ ಒಂದೇ ಥರ ಕಾಣತೊಡಗಿ, 'ಇದು ನನ್ನ ಕಾರು' ಎಂಬ ಅಭಿಮಾನ ಕರಗಿತು. 2008ರ ಆರ್ಥಿಕ ಕುಸಿತ ಬಂತು. 2015ರಿಂದ 2017ರೊಳಗೆ ಜೆಫ್ ಗಾರ್ಡನ್, ಟೋನಿ ಸ್ಟೀವರ್ಟ್, ಡೇಲ್ ಅರ್ನ್‌ಹಾರ್ಟ್ ಜೂನಿಯರ್‌ನಂಥ ಜನಪ್ರಿಯ ಚಾಲಕರು ನಿವೃತ್ತರಾದರು. ಅಮೆರಿಕದಲ್ಲಿ ಟಿವಿ ನೋಡುವವರೇ ಕಡಿಮೆಯಾದರು ಎಂಬುದೂ ನಿಜ. ಆದರೂ ನನಗೆ ಮುಖ್ಯವಾಗಿ ಕಾಣುವುದು ಒಂದು ನಡೆ: ಎಲ್ಲರ ಮನೆಗೂ ಉಚಿತವಾಗಿ ಬರುತ್ತಿದ್ದ ರೇಸುಗಳು ಒಂದೊಂದಾಗಿ ಕೇಬಲ್‌ಗೆ ಹೋದವು. 2025ರಲ್ಲಿ ಐದು ರೇಸು ಪ್ರೈಮ್ ವಿಡಿಯೊ ಸೇರಿದವು. ಸಂಸ್ಥೆಗೆ ಹಣ ಬಂತು. 2025ರಿಂದ ಏಳು ವರ್ಷದ ಒಪ್ಪಂದಗಳ ಮೊತ್ತ 770 ಕೋಟಿ ಡಾಲರ್. ಪುಕ್ಕಟೆಯಾಗಿ ಕಣ್ಣಿಗೆ ಬೀಳುತ್ತಿದ್ದ ಕಾಲದ ನೋಡುಗರು ಮಾತ್ರ ಹಿಂತಿರುಗಿ ಬರಲಿಲ್ಲ.

ಹಣ ಕಟ್ಟಿ ನೋಡುವವನು ಈಗಾಗಲೇ ಅಭಿಮಾನಿ. ಹೊಸ ಅಭಿಮಾನಿ ಹುಟ್ಟುವುದು ಕೇಳದೆಯೇ ಕಣ್ಣಿಗೆ ಬಿದ್ದ ಆಟದಿಂದ. ಉಡುಪಿಯ ಬೈಕ್ ಸವಾರ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್‌ನಂಥ ಕಠಿಣ ರ‍್ಯಾಲಿ ಮುಗಿಸಿ ಬಂದರು. ನಮ್ಮ ಮನೆಗಳು ಅವರನ್ನು ಗುರುತಿಸಿದ್ದು 2021ರಲ್ಲಿ, ಬಿಗ್ ಬಾಸ್ ಕನ್ನಡದ ರನ್ನರ್ ಅಪ್ ಆಗಿ! ಅವರ ಸಾಹಸ ಆ ಮೊದಲೇ ಇತ್ತು. ಅದನ್ನು ತೋರಿಸುವ ಪರದೆ ಇರಲಿಲ್ಲ.

ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ದೂರದರ್ಶನದ ಜೊತೆ ಹಂಚಿಕೊಳ್ಳಲೇಬೇಕೆಂದು 2007ರ ಕಾನೂನು ಹೇಳುತ್ತದೆ. ಕ್ರಿಕೆಟ್, ಹಾಕಿ, ಟೆನಿಸ್, ಫುಟ್‌ಬಾಲ್‌ಗಳಿರುವ ಆ ಪಟ್ಟಿಯಲ್ಲಿ ಮೋಟಾರು ರೇಸಿಗೂ ಜಾಗ ಸಿಗಬೇಕು. ಅದು ತಡವಾಗುವುದಾದರೆ, ವಾರಕ್ಕೆ ಅರ್ಧ ಗಂಟೆ ಚಂದನದಲ್ಲಿ ನಮ್ಮ ಸವಾರರ, ಚಾಲಕರ ಓಟದ ಮುಖ್ಯಾಂಶ ಕನ್ನಡ ವಿವರಣೆಯೊಂದಿಗೆ ಬರಲಿ. ಸದ್ದಿನಲ್ಲೇ ಎಂಜಿನ್ ಗುರುತಿಸುವ ಹಂಗಳದ ಹುಡುಗನಿಗೆ, ಅದೇ ಕಿವಿಯಿಂದ ಮೆಕ್ಯಾನಿಕ್ ಆಗಬಹುದು, ಎಂಜಿನಿಯರ್ ಆಗಬಹುದು, ಚಾಲಕನೂ ಆಗಬಹುದು ಎಂದು ತಿಳಿಯುವುದು ಆಗಲೇ.