ಮನೆಯ ಅಣಬೆ ಕೃಷಿಗೆ ಹಸಿರು ಬೂಸ್ಟಿನ ಕಂಟಕ

ಅಲ್ಪ ಬಂಡವಾಳದಿಂದ, ಮನೆಯ ಒಂದು ಕೋಣೆಯಲ್ಲೇ ಕೈಗೊಳ್ಳಬಹುದಾದ ಕಸುಬುಗಳಲ್ಲಿ ಅಣಬೆ ಬೇಸಾಯವೂ ಒಂದು. ತರಬೇತಿ ಶಿಬಿರದಲ್ಲಿ ಪಾಲ್ಗೊಂಡು, ಸ್ವಸಹಾಯ ಸಂಘದಿಂದ ಸಾಲ ಪಡೆದು, ಉತ್ಸಾಹದಿಂದ ಈ ಕೆಲಸಕ್ಕೆ ಇಳಿದ ಸೋದರಿಯರು ನಮ್ಮ ಕರಾವಳಿಯ ಊರುಗಳಲ್ಲಿ ಇದ್ದಾರೆ. ಆದರೆ ಒಂದೆರಡು ಬೆಳೆ ತೆಗೆದ ಬಳಿಕ ಕೈಬಿಟ್ಟವರೂ ಇದ್ದಾರೆ. ಕಾರಣ ಕೇಳಿದರೆ, ‘ಚೀಲಕ್ಕೆ ಬೂಸ್ಟು ಬಂತು, ನಮ್ಮ ಕೈಗೆ ಇದು ಕೂಡಿಬರಲಿಲ್ಲ’ ಎಂಬ ಉತ್ತರ ದೊರೆಯುತ್ತದೆ. ಬೂಸ್ಟು ಕೈಗುಣದ ದೋಷವಲ್ಲ, ಹಣೆಬರಹವೂ ಅಲ್ಲ. ಅದಕ್ಕೆ ನಿಶ್ಚಿತ ಕಾರಣಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಚೀಲ ತುಂಬುವ ಮೊದಲ ದಿನವೇ ತಡೆಯಬಹುದು.

ಎರಡು ಶಿಲೀಂಧ್ರಗಳ ಪೈಪೋಟಿ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಬೆಳೆಯುವುದು ಬೈಹುಲ್ಲಿನ ಮೇಲೆ ಬರುವ ಚಿಪ್ಪು ಅಣಬೆ. ಅಣಬೆಯೂ ಶಿಲೀಂಧ್ರ, ಬೂಸ್ಟೂ ಶಿಲೀಂಧ್ರ. ಇಬ್ಬರಿಗೂ ಬೇಕಾದುದು ಅದೇ ಹುಲ್ಲು, ಅದೇ ತೇವ, ಅದೇ ಬೆಚ್ಚನೆಯ ಹವೆ. ಮೊದಲು ಹುಲ್ಲನ್ನು ಆವರಿಸಿಕೊಂಡವನೇ ಅದರ ಒಡೆಯ. ಬೂಸ್ಟಿನ ಬೀಜಕಣಗಳು ಗಾಳಿಯಲ್ಲಿ, ಮಣ್ಣಿನಲ್ಲಿ, ಹಳೆಯ ಹುಲ್ಲಿನಲ್ಲಿ ಸದಾ ಇರುತ್ತವೆ. ಅವನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವುದು ಮನೆಯಲ್ಲಿ ಅಸಾಧ್ಯ. ಅಣಬೆಯ ಬಿಳಿ ಎಳೆಗಳಿಗೆ ಈ ಓಟದಲ್ಲಿ ಕೆಲವು ದಿನಗಳ ಮುನ್ನಡೆ ದೊರಕಿಸಿಕೊಡುವುದಷ್ಟೇ ನಮ್ಮ ಕೆಲಸ.

ಈ ಪೈಪೋಟಿಯಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಟ್ರೈಕೋಡರ್ಮ ಎಂಬ ಹಸಿರು ಬೂಸ್ಟು. ಉತ್ತರ ಐರ್ಲೆಂಡಿನ ಬಟನ್ ಅಣಬೆ ಬೆಳೆಗಾರರನ್ನು 1985ರಲ್ಲಿ ಕಂಗೆಡಿಸಿದ್ದು ಇದರದೇ ಒಂದು ಬಗೆ. 2002ರಲ್ಲಿ ವಿಜ್ಞಾನಿಗಳು ಅದಕ್ಕೆ ಟ್ರೈಕೋಡರ್ಮ ಅಗ್ರೆಸಿವಮ್ ಎಂದು ಹೆಸರಿಟ್ಟರು. ಕಾಳುಮೆಣಸಿನ ಬುಡಕೊಳೆ ರೋಗವನ್ನು ಹತೋಟಿಯಲ್ಲಿಡಲು ನಾವು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬಳ್ಳಿಯ ಬುಡಕ್ಕೆ ಹಾಕುವುದೂ ಇದೇ ಕುಲದ ಶಿಲೀಂಧ್ರವನ್ನು. ತೋಟದಲ್ಲಿ ಮಿತ್ರನಾದದ್ದು ಅಣಬೆ ಕೋಣೆಯಲ್ಲಿ ವೈರಿ. ಆದುದರಿಂದ ಟ್ರೈಕೋಡರ್ಮ ಪುಡಿಯ ಪೊಟ್ಟಣವನ್ನಾಗಲಿ, ಅದನ್ನು ಬೆರೆಸಿದ ಗೊಬ್ಬರವನ್ನಾಗಲಿ ಅಣಬೆ ಮನೆಯ ಸಮೀಪ ಇರಿಸಬಾರದು. ಅದನ್ನು ಮುಟ್ಟಿದ ದಿನ, ಸ್ನಾನ ಮಾಡಿ ಬಟ್ಟೆ ಬದಲಾಯಿಸದೆ ಚೀಲ ತುಂಬಲು ಕುಳಿತುಕೊಳ್ಳಬಾರದು.

ಮೊದಲ ದಿನದ ಎಚ್ಚರ

ಎಲ್ಲಕ್ಕಿಂತ ಮೊದಲು ಹುಲ್ಲು. ಮಳೆಗೆ ನೆನೆದು ಕಪ್ಪಾದ, ಮುಗ್ಗಲು ವಾಸನೆಯ ಹುಲ್ಲನ್ನು ಎಷ್ಟು ಬೇಯಿಸಿದರೂ ಪ್ರಯೋಜನ ಅಲ್ಪ. ಹೊಸ ಬೆಳೆಯ, ಹೊಂಬಣ್ಣದ ಒಣ ಹುಲ್ಲನ್ನೇ ಆರಿಸಿ, ಎರಡು ಬೆರಳಗಲಕ್ಕೆ ಕತ್ತರಿಸಿ, ರಾತ್ರಿಯಿಡೀ ಶುದ್ಧ ನೀರಿನಲ್ಲಿ ನೆನೆಸಬೇಕು. ಮರುದಿನ ಹಂಡೆಯಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಅಂದಾಜಿನ ಮೇಲೆ ನಡೆಯುವುದಕ್ಕಿಂತ ಒಂದು ಉಷ್ಣಮಾಪಕವನ್ನು ಕೊಳ್ಳುವುದು ಲೇಸು. ನೀರು ಕೊತಕೊತ ಕುದಿಯಲೇಬೇಕೆಂದಿಲ್ಲ. ಈ ಹದವಾದ ಬಿಸಿಯಲ್ಲಿ ಬೂಸ್ಟಿನ ಕಣಗಳು ಬಹುಪಾಲು ಸಾಯುತ್ತವೆ; ಶಾಖ ತಾಳಬಲ್ಲ ಕೆಲವು ಉಪಕಾರಿ ಸೂಕ್ಷ್ಮಜೀವಿಗಳು ಉಳಿದು, ಹೊಸ ಬೂಸ್ಟು ನೆಲೆಯೂರದಂತೆ ತಡೆಯೊಡ್ಡುತ್ತವೆ.

ಹಿಂದಿನ ಕೈಪಿಡಿಗಳಲ್ಲಿ ಫಾರ್ಮಲಿನ್ ಮತ್ತು ಕಾರ್ಬೆಂಡಜಿಮ್ ಬೆರೆಸಿದ ನೀರಿನಲ್ಲಿ ಹುಲ್ಲು ನೆನೆಸುವ ಕ್ರಮ ಬರೆದಿರುತ್ತದೆ. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಸೇರಿಸಿತು. ಮಕ್ಕಳು ಓಡಾಡುವ ಮನೆಯಲ್ಲಿ ಬಿಸಿನೀರಿನ ಕ್ರಮವೇ ಸಾಕು ಮತ್ತು ಕ್ಷೇಮ.

ಬೆಂದ ಹುಲ್ಲನ್ನು ಶುದ್ಧವಾದ ಬುಟ್ಟಿಯಲ್ಲಿ ಬಸಿದು, ತೊಳೆದ ಹಾಳೆಯ ಮೇಲೆ ಹರಡಿ ಆರಿಸಬೇಕು. ಒಂದು ಹಿಡಿ ಹುಲ್ಲನ್ನು ಗಟ್ಟಿಯಾಗಿ ಹಿಂಡಿದಾಗ ಅಂಗೈ ತೇವವಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಇದೇ ಹದ. ನೀರು ಹೆಚ್ಚಾದರೆ ಚೀಲದ ತಳದಲ್ಲಿ ನಿಂತು ಹುಲ್ಲು ಕೊಳೆಯುತ್ತದೆ, ಹುಳಿ ವಾಸನೆ ಬೀರುತ್ತದೆ.

ಬೀಜ ಅಥವಾ ಸ್ಪಾನ್ ಹಾಲಿನಂತೆ ಬೆಳ್ಳಗಿರಬೇಕು. ಅದರಲ್ಲಿ ಹಸಿರು ಚುಕ್ಕೆ ಒಂದೇ ಕಂಡರೂ ಆ ಪೊಟ್ಟಣವನ್ನು ಬಳಸಕೂಡದು. ಒಂದು ಕಿಲೋ ಒಣ ಹುಲ್ಲಿಗೆ ಸುಮಾರು 100 ಗ್ರಾಂ ಬೀಜ ಬೇಕು. ಉಳಿತಾಯದ ದೃಷ್ಟಿಯಿಂದ ಇದನ್ನು ಅರ್ಧಕ್ಕೆ ಇಳಿಸಿದರೆ ಬಿಳಿ ಎಳೆ ಹಬ್ಬುವುದು ತಡವಾಗುತ್ತದೆ. ಆ ತಡವೇ ಬೂಸ್ಟಿಗೆ ಆಹ್ವಾನ. ನಮ್ಮ ರಾಜ್ಯದಲ್ಲಿ ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಣಬೆಯ ಕುರಿತು ಸಂಶೋಧನೆ ನಡೆಸುತ್ತಾ ಬಂದಿದೆ. ಅಂತಹ ಭರವಸೆಯ ಮೂಲದಿಂದಲೇ ಬೀಜ ಪಡೆಯುವುದು ಉತ್ತಮ.

ಬಣ್ಣ ನೋಡಿ ಗುರುತಿಸಿ

ಬೀಜ ಹಾಕಿದ 15ರಿಂದ 20 ದಿನಗಳಲ್ಲಿ ಚೀಲವಿಡೀ ಬೆಳ್ಳಗಾಗಬೇಕು. ಮೊದಲ ವಾರ ಪ್ರತಿದಿನವೂ ಚೀಲಗಳನ್ನು ಹೊರಗಿನಿಂದಲೇ ನೋಡುತ್ತಿರಬೇಕು. ಹಸಿರು ಬೂಸ್ಟು ಆರಂಭದಲ್ಲಿ ಬಿಳಿಯಾಗಿಯೇ ಇದ್ದು ನಮ್ಮನ್ನು ಮೋಸಗೊಳಿಸುತ್ತದೆ. ಒಂದೆರಡು ದಿನಗಳಲ್ಲಿ ಪುಡಿಪುಡಿಯಾಗಿ ಹಸಿರಾಗುತ್ತದೆ. ಕಪ್ಪು ಅಥವಾ ಹಳದಿ ಮಿಶ್ರಿತ ಹಸಿರು ಪುಡಿ ಆಸ್ಪರ್ಜಿಲಸ್ ಇರಬಹುದು. ಕಿತ್ತಳೆ ಬಣ್ಣದ ನಯವಾದ ಪುಡಿ ನ್ಯೂರೋಸ್ಪೋರ. ಇದು ಗಾಳಿಯಲ್ಲಿ ಅತಿ ಶೀಘ್ರವಾಗಿ ಹರಡುತ್ತದೆ. ಸಣಕಲು ಕಾಂಡದ, ಕೆಲವೇ ಗಂಟೆಗಳಲ್ಲಿ ಮಸಿಯಂತೆ ಕರಗಿಹೋಗುವ ಅಣಬೆ ಎದ್ದರೆ ಅದು ಕಳೆ ಅಣಬೆ. ಅದನ್ನು ತಿನ್ನಬಾರದು.

ಚೀಲವನ್ನು ಬಿಟ್ಟುಕೊಡುವ ಧೈರ್ಯ

ಹಲವರ ಬೆಳೆ ಸೋಲುವುದು ಇಲ್ಲಿಯೇ. ಹಣ ಹಾಕಿದ ಚೀಲವನ್ನು ಎಸೆಯಲು ಮನಸ್ಸು ಬಾರದೆ, ಬಾಯಿ ಬಿಚ್ಚಿ ಬೂಸ್ಟನ್ನು ಕೆರೆದು ತೆಗೆಯಲು ಹೊರಡುತ್ತೇವೆ. ಆ ಒಂದು ಕ್ಷಣದಲ್ಲಿ ಲಕ್ಷಾಂತರ ಬೀಜಕಣಗಳು ಕೋಣೆಯ ತುಂಬ ಹಾರುತ್ತವೆ. ಒಂದು ಚೀಲವನ್ನು ಉಳಿಸಲು ಹೋಗಿ ಇಪ್ಪತ್ತು ಚೀಲಗಳನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಬೂಸ್ಟು ಕಂಡ ಚೀಲವನ್ನು ಬಿಚ್ಚದೆ, ಒದ್ದೆ ಬಟ್ಟೆಯಿಂದ ಸುತ್ತಿ, ಇತರ ಚೀಲಗಳ ಆರೈಕೆಯೆಲ್ಲ ಮುಗಿದ ಮೇಲೆ ಕಟ್ಟಕಡೆಯದಾಗಿ ಹೊರಗೆ ಒಯ್ಯಬೇಕು. ಮನೆಯಿಂದ ದೂರ ಹೊಂಡ ತೋಡಿ, ಹುಲ್ಲಿನ ಮೇಲೆ ಸುಣ್ಣ ಎರಚಿ, ಮಣ್ಣು ಮುಚ್ಚಬೇಕು. ಪ್ಲಾಸ್ಟಿಕ್ ಚೀಲವನ್ನು ಮತ್ತೆ ಬಳಸಬಾರದು. ಬೂಸ್ಟು ಹಿಡಿದ ಹುಲ್ಲನ್ನು ದನಗಳಿಗೆ ಹಾಕುವುದಂತೂ ಕೂಡದು. ಕೆಲವು ಬೂಸ್ಟುಗಳು ಉತ್ಪಾದಿಸುವ ವಿಷ ಹಾಲಿಗೂ ಇಳಿಯುತ್ತದೆ. ಈ ಕೆಲಸ ಮಾಡುವಾಗ ಮೂಗು ಬಾಯಿಗೆ ಮುಸುಕು ಇರಲಿ. ದಮ್ಮಿನ ತೊಂದರೆ ಇರುವವರು ದೂರವೇ ಉಳಿಯಲಿ.

ಒಂದು ಬೆಳೆ ಮುಗಿದ ಬಳಿಕ ಕೋಣೆಯನ್ನು ತೊಳೆದು, ಗೋಡೆಗೆ ಸುಣ್ಣ ಬಳಿದು, ಕೆಲವು ದಿನ ಒಣಗಲು ಬಿಟ್ಟು ಮುಂದಿನ ಬೆಳೆಗೆ ಅಣಿಯಾಗಬೇಕು. ಕಿಟಕಿಗೆ ಸಣ್ಣ ಕಣ್ಣಿನ ಬಲೆ ಬೇಕು. ಬೂಸ್ಟಿನ ಕಣಗಳನ್ನು ಚೀಲದಿಂದ ಚೀಲಕ್ಕೆ ಹೊತ್ತು ತಿರುಗುವ ಚಿಕ್ಕ ನೊಣಗಳನ್ನು ಅದು ತಡೆಯುತ್ತದೆ. ಹತ್ತು ಚೀಲಗಳಲ್ಲಿ ಒಂದು ಕೆಟ್ಟಿತೆಂದರೆ ಅದು ಸೋಲಲ್ಲ, ಕಲಿಕೆ. ಹುಲ್ಲು ಎಲ್ಲಿಯದು, ಬೀಜ ಯಾವ ದಿನದ್ದು, ಬೂಸ್ಟು ಎಷ್ಟನೆಯ ದಿನ ಕಂಡಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ದೋಷ ಎಲ್ಲಿತ್ತೆಂದು ಮುಂದಿನ ಸಲ ತಾನಾಗಿಯೇ ತಿಳಿಯುತ್ತದೆ. ಸಂಘದ ಸೋದರಿಯರು ತಮ್ಮ ಇಂತಹ ಪುಸ್ತಕಗಳನ್ನು ತಿಂಗಳಿಗೊಮ್ಮೆ ಒಟ್ಟಿಗೆ ಕುಳಿತು ಓದಿದರೆ, ಒಬ್ಬರ ನಷ್ಟವು ಹತ್ತು ಮನೆಗಳ ನಷ್ಟವನ್ನು ತಪ್ಪಿಸೀತು.