ಸಿಕಲ್ ಸೆಲ್ ರಕ್ತಹೀನತೆ: ವಿವಾಹಕ್ಕೆ ಮುನ್ನ ರಕ್ತಪರೀಕ್ಷೆ ಏಕೆ?

ಎಲ್ಲ ರಕ್ತಹೀನತೆಗೂ ಕಾರಣ ಒಂದೇ ಅಲ್ಲ. ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆಯು ಪೌಷ್ಟಿಕ ಆಹಾರ ಹಾಗೂ ಕಬ್ಬಿಣಾಂಶದ ಮಾತ್ರೆಗಳಿಂದ ಗುಣವಾಗುತ್ತದೆ. ಸಿಕಲ್ ಸೆಲ್ ರಕ್ತಹೀನತೆಯಾದರೋ ತಂದೆ-ತಾಯಿಯರಿಂದ ಮಕ್ಕಳಿಗೆ ಬರುವ ಆನುವಂಶಿಕ ಕಾಯಿಲೆ. ಆ ಮಾತ್ರೆಗಳಿಂದ ಇದು ಗುಣವಾಗದು.

ಈ ಕಾಯಿಲೆಯಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಲುಕುತ್ತವೆ. ಸುಮಾರು 120 ದಿನ ಬಾಳಬೇಕಾದ ಕಣಗಳು 10ರಿಂದ 20 ದಿನಗಳಲ್ಲಿಯೇ ನಾಶವಾಗುತ್ತವೆ. ಪರಿಣಾಮವಾಗಿ ಮೂಳೆ, ಕೀಲು ಹಾಗೂ ಎದೆಯಲ್ಲಿ ತೀವ್ರ ನೋವು, ಕಾಮಾಲೆ ಮತ್ತು ಪದೇ ಪದೇ ಸೋಂಕು ಕಾಣಿಸಿಕೊಳ್ಳುತ್ತವೆ.

ದೋಷವುಳ್ಳ ವಂಶವಾಹಿಯನ್ನು ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಪಡೆದವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುವುದರಿಂದ ಪರೀಕ್ಷೆಯಿಲ್ಲದೆ ಇದು ತಿಳಿಯದು. ದಂಪತಿಗಳಿಬ್ಬರೂ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಧಾರಣೆಯಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25ರಷ್ಟಿರುತ್ತದೆ. ಮೊದಲ ಮಗು ಆರೋಗ್ಯವಾಗಿರುವುದರಿಂದ ಎರಡನೆಯ ಮಗುವಿನ ಅಪಾಯ ಕಡಿಮೆಯಾಗುವುದಿಲ್ಲ.

2023ರ ಜುಲೈ 1ರಂದು ಆರಂಭಗೊಂಡ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನವು ಕರ್ನಾಟಕವೂ ಸೇರಿದಂತೆ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನವರ ತಪಾಸಣೆಗೆ ಆದ್ಯತೆ ನೀಡಿದೆ. ಕಾಯಿಲೆ ಬೇಗ ಪತ್ತೆಯಾದಲ್ಲಿ ಔಷಧ ಮತ್ತು ಲಸಿಕೆಗಳಿಂದ ಮಗುವಿನ ನೋವು, ಸೋಂಕುಗಳನ್ನು ತಗ್ಗಿಸಬಹುದು.

ಈ ಕಾಯಿಲೆ ಸ್ಪರ್ಶದಿಂದ ಹರಡುವುದಿಲ್ಲ. ವಾಹಕರನ್ನು ದೂರವಿಡುವುದು ಸಲ್ಲದು. ವಿವಾಹಕ್ಕೆ ಮುನ್ನ, ತಪ್ಪಿದಲ್ಲಿ ಗರ್ಭಾವಸ್ಥೆಯ ಆರಂಭದಲ್ಲಿಯೇ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು.